ನಾನು ಹೊಡೆದುಹಾಕಿದ ಒಂದು ಸಾಲು

ಮೂವತ್ತೆರಡು ವರ್ಷದ ನೌಕರಿಯಲ್ಲಿ ನಾನು ದೇವರ ಹೆಸರನ್ನು ಅತಿ ಹೆಚ್ಚು ಸಲ ಹೇಳಿದ್ದು ದೇವಸ್ಥಾನದಲ್ಲಲ್ಲ, ತಾಲ್ಲೂಕು ಕಚೇರಿಯಲ್ಲಿ. ಅರಕಲಗೂಡು, ಚನ್ನರಾಯಪಟ್ಟಣ, ನಡುವೆ ಎರಡು ವರ್ಷ ಹಾಸನ, ಕೊನೆಗೆ ಹೊಳೆನರಸೀಪುರ. ಎಲ್ಲಿಗೆ ವರ್ಗವಾಗಿ ಹೋದರೂ ಚುನಾವಣೆ ಶಾಖೆಯ ಕುರ್ಚಿ ನನಗಾಗಿ ಕಾದುಕೊಂಡಿರುತ್ತಿತ್ತು. ಬೇರೆಯವರು ಆ ಕುರ್ಚಿಯ ಹೆಸರು ಕೇಳಿದರೆ ಸಾಕು, ಸೊಂಟನೋವು ಎಂದು ರಜಾ ಅರ್ಜಿ ಬರೆಯುತ್ತಿದ್ದರು. ನಾನು ಬರೆಯಲಿಲ್ಲ. ನನಗೆ ಜನರನ್ನು ನೋಡುವ ಚಟ, ಅದಕ್ಕಿಂತ ಒಳ್ಳೆಯ ಜಾಗ ಇಡೀ ಕಚೇರಿಯಲ್ಲಿ ಇರಲಿಲ್ಲ.

ಈಗ ಹೊಸದಾಗಿ ಕೆಲಸಕ್ಕೆ ಸೇರಿದವರು ಮನೆಗೆ ಬಂದು, ‘ಮೇಡಂ, ನಿಮ್ಮ ಅನುಭವ ಹೇಳಿ’ ಅನ್ನುತ್ತಾರೆ. ಬಡ್ತಿ, ವೇತನ ಆಯೋಗ, ವರ್ಗಾವಣೆ, ಇವೆಲ್ಲ ನನಗಿಂತ ಅವರಿಗೇ ಚೆನ್ನಾಗಿ ಗೊತ್ತು. ನಾನು ಹೇಳುವುದು ಒಂದೇ ಒಂದು ಕಾಗದದ ವಿಷಯ. ಚುನಾವಣೆಗೆ ನಿಂತವರು, ಗೆದ್ದವರು ಓದಿ ಸಹಿ ಹಾಕಬೇಕಾದ ಪ್ರಮಾಣವಚನದ ನಮೂನೆ ಅದು. ಭಾರತದ ಸಂವಿಧಾನಕ್ಕೆ ನಿಷ್ಠೆಯಿಂದ ಇರುತ್ತೇನೆ ಎನ್ನುವುದು ಅದರ ತಿರುಳು. ಅಲ್ಲಿಯವರೆಗೆ ಎಲ್ಲರಿಗೂ ಒಂದೇ. ಕೊನೆಯಲ್ಲಿ ಮಾತ್ರ ಎರಡು ಸಾಲು ಇರುತ್ತವೆ. ‘ದೇವರ ಹೆಸರಿನಲ್ಲಿ ಪ್ರಮಾಣ ಮಾಡುತ್ತೇನೆ’ ಎಂಬುದು ಒಂದು, ‘ಸತ್ಯನಿಷ್ಠೆಯಿಂದ ದೃಢೀಕರಿಸುತ್ತೇನೆ’ ಎಂಬುದು ಇನ್ನೊಂದು. ಬೇಕಾದ್ದನ್ನು ಉಳಿಸಿಕೊಂಡು ಬೇಡದ್ದನ್ನು ಹೊಡೆದುಹಾಕಬೇಕು. ದೇಶ ಕೇಳುವುದು ನಿಷ್ಠೆಯನ್ನು. ಅದಕ್ಕೆ ದೇವರನ್ನು ಸಾಕ್ಷಿಗೆ ಕರೆಯುವುದೋ ಬಿಡುವುದೋ ಸಹಿ ಹಾಕುವವರ ಇಷ್ಟ.

ಈ ಕಾಗದವನ್ನು ನನಗೆ ಕಲಿಸಿದವರು ಅರಕಲಗೂಡಿನಲ್ಲಿ ತಹಸೀಲ್ದಾರರಾಗಿದ್ದ ನಂಜುಂಡಯ್ಯನವರು. ಹಣೆತುಂಬ ವಿಭೂತಿ, ಸೋಮವಾರ ಉಪವಾಸ. ಅಂಥವರು ಕಚೇರಿಯ ಗೋಡೆಗೆ ಒಂದು ದೇವರ ಪಟ ಹಾಕಲು ಬಿಡುತ್ತಿರಲಿಲ್ಲ. ‘ಪೂಜೆ ಮನೇಲಿ ಮಾಡ್ಕೊಂಡು ಬಂದಿದೀನಿ ಕಣಮ್ಮ ಲಲಿತಮ್ಮ, ಇಲ್ಲಿ ಕೂತಿರೋದು ಕೆಲಸಕ್ಕೆ’ ಅನ್ನುತ್ತಿದ್ದರು. ಯಾರೇ ಬರಲಿ, ಎರಡೂ ಸಾಲನ್ನು ಓದಿ ಹೇಳಿ, ‘ನಿಮಗೆ ಯಾವುದು?’ ಎಂದು ಕೇಳಬೇಕು. ಹಣೆ ನೋಡಿ, ಟೋಪಿ ನೋಡಿ, ಕೊರಳ ಸರ ನೋಡಿ ನಾವೇ ಊಹಿಸುವಂತಿಲ್ಲ. ಅದು ಅವರ ಕಟ್ಟಪ್ಪಣೆ.

ಒಂದು ಸಲ ಹೊಗೆಸೊಪ್ಪು ಬೆಳೆಯುವ ಗೌಡರೊಬ್ಬರು ಪಕ್ಷೇತರರಾಗಿ ನಾಮಪತ್ರ ಕೊಡಲು ಬಂದರು. ಹಿಂದೆ ಎರಡು ಆಟೊ ತುಂಬ ಜನ. ನಾನು ಎರಡೂ ಸಾಲು ಓದಿದೆ. ಗೌಡರು ಗಲ್ಲ ಕೆರೆದುಕೊಂಡರು.

‘ಬರೀ ದೇವ್ರು ಅಂದ್ರೆ ಯಾವ್ ದೇವ್ರು ಸಾ? ನಮ್ಮನೆ ದೇವ್ರ ಎಸ್ರು ಬರ್ಕಳಿ.’

‘ನಮೂನೆಯಲ್ಲಿ ಹೆಸರಿಲ್ಲ ಗೌಡ್ರೆ. ದೇವರು ಅಂತ ಅಷ್ಟೇ ಇದೆ’ ಎಂದರು ನಂಜುಂಡಯ್ಯನವರು.

‘ವಿಳಾಸ ಇಲ್ದೆ ಕಾಗ್ದ ಆಕುದ್ರೆ ಯಾರ್ಗ್ ಸಾ ಮುಟ್ತದೆ?’

ಇಷ್ಟು ಹೇಳಿ ಜೇಬಿನಿಂದ ಕರ್ಪೂರ ತೆಗೆದು, ನಮ್ಮ ಪಿನ್ನಿನ ಡಬ್ಬಿಯ ಮುಚ್ಚಳದ ಮೇಲಿಟ್ಟು ಹಚ್ಚಿಯೇಬಿಟ್ಟರು. ಫ್ಯಾನಿನ ಗಾಳಿಗೆ ಉರಿ ವಾಲಿ, ಪಕ್ಕದಲ್ಲಿದ್ದ ಅವರದೇ ನಾಮಪತ್ರದ ತುದಿಗೆ ಹತ್ತಿಕೊಂಡಿತು. ಅಟೆಂಡರ್ ಕೈಯಲ್ಲಿ ಸಾಹೇಬರ ಕಾಫಿ ಇತ್ತು, ಅದನ್ನೇ ಸುರಿದ. ಗೌಡರು ಹೊಸ ನಾಮಪತ್ರ ತುಂಬಿ ಬರುವಷ್ಟರಲ್ಲಿ ಮಧ್ಯಾಹ್ನವಾಯಿತು. ಎರಡನೇ ಸಲ ಬಂದಾಗ ನಂಜುಂಡಯ್ಯನವರು ಮೆಲ್ಲಗೆ, ‘ಮನಸ್ಸಲ್ಲಿ ಯಾವ ದೇವರನ್ನಾದರೂ ನೆನ್ಕೊಳಿ ಗೌಡ್ರೆ, ಅದು ನಿಮ್ಮ ಮನೆ. ಈ ಮೇಜು ಮಾತ್ರ ಎಲ್ಲರದು’ ಅಂದರು. ಗೌಡರು ಕಣ್ಣುಮುಚ್ಚಿ ನೆನೆದುಕೊಂಡು ಸಹಿ ಹಾಕಿದರು. ಆ ಚುನಾವಣೆಯಲ್ಲಿ ಅವರು ಸೋತರು. ಆಮೇಲೆ ಪೇಟೆಯಲ್ಲಿ ಸಿಕ್ಕಾಗಲೆಲ್ಲ, ‘ವಿಳಾಸ ಬರ್ದಿದ್ರೆ ಗೆಲ್ತಿದ್ದೆ ಕಣಮ್ಮ’ ಎಂದು ನಗುತ್ತಿದ್ದರು.

ಚನ್ನರಾಯಪಟ್ಟಣಕ್ಕೆ ವರ್ಗವಾದಾಗ ಅಲ್ಲಿಗೂ ನಂಜುಂಡಯ್ಯನವರೇ ಬಂದಿದ್ದರು. ದಂಡಿಗನಹಳ್ಳಿ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಚುನಾವಣೆಗೆ ನಿಂತರು. ದೇವರ ಸಾಲನ್ನು ನಾನು ಓದಿ ಮುಗಿಸುವ ಮೊದಲೇ ಕೈ ಎತ್ತಿ ತಡೆದರು. ‘ಎರಡನೇದು’ ಎಂದು ಶುರುಮಾಡಿ, ಸರ್ಕಾರಕ್ಕೂ ಧರ್ಮಕ್ಕೂ ಇರಬೇಕಾದ ಅಂತರದ ಬಗ್ಗೆ ಅರ್ಧ ಗಂಟೆ ಪಾಠ ಮಾಡಿದರು. ಪಾಠ ಚೆನ್ನಾಗಿಯೇ ಇತ್ತು. ಕೊನೆಗೆ ಸಹಿ ಹಾಕಲು ಪೆನ್ನು ತೆಗೆದರೆ ಅದು ಬರೆಯಲಿಲ್ಲ. ಮೇಷ್ಟ್ರು ಪೆನ್ನು ಕೊಡವಿ, ‘ಅಯ್ಯೋ ಶಿವನೇ!’ ಅಂದರು.

ಇಡೀ ಕಚೇರಿ ಗೊಳ್ಳೆಂದಿತು. ನಾನಂತೂ ಸೆರಗು ಬಾಯಿಗೆ ತುರುಕಿಕೊಂಡು ಹೊರಗೆ ಓಡಿದೆ. ನಗದೆ ಇದ್ದವರು ನಂಜುಂಡಯ್ಯನವರೊಬ್ಬರೇ. ತಮ್ಮ ಪೆನ್ನನ್ನು ಮೇಷ್ಟ್ರಿಗೆ ಕೊಟ್ಟು, ಅವರು ಹೋದ ಮೇಲೆ ನನ್ನನ್ನು ಕರೆದು, ‘ಅವರು ಬಾಯಿ ತಪ್ಪಿ ಏನಂದರು ಅನ್ನೋದು ನಮೂನೆಯಲ್ಲಿ ಇಲ್ಲ. ಅವರು ಆರಿಸಿಕೊಂಡದ್ದು ಇದೆ. ನಗೋದಿದ್ದರೆ ಮನೆಗೆ ಹೋಗಿ ನಗು’ ಅಂದರು. ಅಂದು ನನಗೆ ಸಿಟ್ಟು ಬಂತು. ಇಷ್ಟಕ್ಕೆಲ್ಲ ಇಷ್ಟು ಬಿಗಿಯೇಕೆ ಅನ್ನಿಸಿತ್ತು.

ಕಾಲ ಬದಲಾಯಿತು. ಸೈಕ್ಲೋಸ್ಟೈಲ್ ಶಾಯಿ ಕೈಗೆ ಮೆತ್ತಿಕೊಳ್ಳುತ್ತಿದ್ದ ದಿನ ಹೋಗಿ ಜೆರಾಕ್ಸ್ ಬಂತು, ಕಂಪ್ಯೂಟರ್ ಬಂತು. ಹಾಸನದಲ್ಲಿ ತರಬೇತಿಗೆ ಕೂರಿಸಿ ಪರದೆಯ ಮೇಲೆ ಚಿತ್ರ ತೋರಿಸಿ ಪಾಠ ಹೇಳುವುದು ಬಂತು. ನಂಜುಂಡಯ್ಯನವರು ನಿವೃತ್ತರಾದರು. ನಾನು ಹಳಬಳಾದೆ. ಹಳಬರಿಗೆ ಬರುವ ರೋಗ ನನಗೂ ಬಂತು, ಎಲ್ಲ ಗೊತ್ತಿದೆ ಅನ್ನುವ ರೋಗ. ಇಷ್ಟು ವರ್ಷದಲ್ಲಿ ಎರಡನೇ ಸಾಲು ಕೇಳಿದವರನ್ನು ಕೈಬೆರಳಲ್ಲಿ ಎಣಿಸಬಹುದಿತ್ತು. ಹಾಗಾಗಿ ನಾನೊಂದು ಸುಲಭದ ದಾರಿ ಹುಡುಕಿಕೊಂಡಿದ್ದೆ. ಹಿಂದಿನ ದಿನವೇ ಅಷ್ಟೂ ನಮೂನೆಗಳನ್ನು ಮುಂದಿಟ್ಟುಕೊಂಡು, ಸ್ಕೇಲು ಹಿಡಿದು, ‘ಸತ್ಯನಿಷ್ಠೆಯಿಂದ’ ಎಂಬ ಸಾಲಿನ ಮೇಲೆ ನೀಟಾಗಿ ಗೆರೆ ಎಳೆದುಬಿಡುತ್ತಿದ್ದೆ. ಮರುದಿನ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ನಾನು ಓದಿದಂತೆ ಒಟ್ಟಿಗೆ ಹೇಳಿಸಿ, ಪಟಪಟನೆ ಸಹಿ ಹಾಕಿಸಿದರೆ ಹತ್ತೇ ನಿಮಿಷ. ಬೇರೆ ತಾಲ್ಲೂಕಿನವರು ಫೋನು ಮಾಡಿ, ‘ಮೇಡಂ, ನೀವು ಅಷ್ಟು ಬೇಗ ಹೇಗೆ ಮುಗಿಸ್ತೀರಿ?’ ಎಂದು ಕೇಳುತ್ತಿದ್ದರು. ನಾನು ಹೆಮ್ಮೆಯಿಂದ ಹೇಳಿಕೊಡುತ್ತಿದ್ದೆ. ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುತ್ತಾರಲ್ಲ, ಆತುರಗಾತಿಗೂ ಅಷ್ಟೇ.

ಅದಕ್ಕೆ ಬೆಲೆ ತೆತ್ತದ್ದು ಹೊಳೆನರಸೀಪುರ ತಾಲ್ಲೂಕಿನಲ್ಲಿ, ಹಳೇಕೋಟೆ ಹೋಬಳಿಯ ಒಂದು ಗ್ರಾಮ ಪಂಚಾಯಿತಿಯಲ್ಲಿ. ಹೊಸದಾಗಿ ಗೆದ್ದ ಹನ್ನೊಂದು ಸದಸ್ಯರು ಪ್ರಮಾಣ ಮಾಡಿ ಸಹಿ ಹಾಕಬೇಕು, ಹನ್ನೊಂದು ಗಂಟೆಗೆ ಅಧ್ಯಕ್ಷರ ಚುನಾವಣೆ. ಸಹಿ ಹಾಕದವರಿಗೆ ಓಟಿಲ್ಲ. ಚುನಾವಣಾಧಿಕಾರಿಯಾಗಿ ನೇಮಕವಾದವರು ತೋಟಗಾರಿಕೆ ಇಲಾಖೆಯ ಒಬ್ಬ ಅಧಿಕಾರಿ. ಶುಂಠಿಯ ಕೊಳೆರೋಗದ ಬಗ್ಗೆ ಕೇಳಿದರೆ ಒಂದು ಗಂಟೆ ನಿಲ್ಲದೆ ಮಾತಾಡುತ್ತಿದ್ದರು. ಪಂಚಾಯಿತಿ ಕಾಯ್ದೆಯ ಪುಸ್ತಕ ತೆರೆದರೆ ಬೆವರುತ್ತಿದ್ದರು. ಅವರ ಸಹಾಯಕ್ಕೆ ನನ್ನನ್ನು ಕಳುಹಿಸಿದ್ದರು.

ಅಧ್ಯಕ್ಷ ಸ್ಥಾನ ಮಹಿಳೆಗೆ ಮೀಸಲು. ಸ್ಪರ್ಧೆ ಇಬ್ಬರ ನಡುವೆ. ಒಬ್ಬರು ರತ್ನಮ್ಮ, ಊರಿನ ದೊಡ್ಡ ಜಮೀನುದಾರ ಕಾಳೇಗೌಡರ ಹೆಂಡತಿ. ಇನ್ನೊಬ್ಬರು ತಾಯಮ್ಮ, ಎರಡೆಕರೆಯಲ್ಲಿ ಜೋಳ ಬೆಳೆದುಕೊಂಡಿದ್ದ ಐವತ್ತೈದರ ಹೆಂಗಸು. ತಾಯಮ್ಮನ ಕಡೆ ಅವರೂ ಸೇರಿ ಐದು ಜನ. ರತ್ನಮ್ಮನ ಕಡೆ ರತ್ನಮ್ಮನೂ ಸೇರಿ ಆರು. ಆ ಆರರಲ್ಲಿ ಹೆಂಡತಿಯನ್ನು ಬಿಟ್ಟು ಉಳಿದ ಐದು ಜನರನ್ನು ಕಾಳೇಗೌಡರು ಹಿಂದಿನ ದಿನ ವ್ಯಾನಿನಲ್ಲಿ ದೇವಸ್ಥಾನಕ್ಕೆ ಕರೆದೊಯ್ದು, ದೀಪ ಮುಟ್ಟಿಸಿ, ರತ್ನಮ್ಮನಿಗೇ ಓಟು ಹಾಕುತ್ತೇವೆಂದು ಆಣೆ ಇಕ್ಕಿಸಿದ್ದರು. ಇದು ಯಾವ ಕಾಯ್ದೆಯಲ್ಲೂ ಇಲ್ಲ, ಆದರೆ ಅಧ್ಯಕ್ಷರ ಚುನಾವಣೆ ಬಂದರೆ ನಮ್ಮ ಕಡೆ ಇದು ನಡೆದೇ ನಡೆಯುತ್ತದೆ. ಗುಟ್ಟೂ ಅಲ್ಲ. ನಾನು ಜೀಪಿನಿಂದ ಇಳಿಯುವಷ್ಟರಲ್ಲಿ ಟೀ ಅಂಗಡಿಯವನೇ ಎಲ್ಲವನ್ನೂ ಹೇಳಿದ್ದ.

ಸದಸ್ಯರಲ್ಲದವರಿಗೆ ಸಭಾಂಗಣದೊಳಗೆ ಪ್ರವೇಶವಿಲ್ಲ. ಆದ್ದರಿಂದ ಕಾಳೇಗೌಡರು ಕಿಟಕಿಯ ಸರಳು ಹಿಡಿದು ಹೊರಗೆ ನಿಂತಿದ್ದರು. ಮೈ ಹೊರಗೆ, ತಲೆ ಒಳಗೆ.

ನಾನು ಎಂದಿನಂತೆ ಹನ್ನೊಂದೂ ಜನರನ್ನು ನಿಲ್ಲಿಸಿ ಓದಿದೆ. ಎಲ್ಲರೂ ಗುಂಪಿನಲ್ಲಿ ಗುಣುಗುಣು ಅಂದರು. ತಾಯಮ್ಮನ ತುಟಿ ಅಲ್ಲಾಡಲಿಲ್ಲ. ನಾಚಿಕೆ ಇರಬೇಕೆಂದು ಸುಮ್ಮನಾದೆ. ಒಬ್ಬೊಬ್ಬರಾಗಿ ಬಂದು ಸಹಿ ಹಾಕಿದರು. ರತ್ನಮ್ಮ ನಾನು ಬೆರಳಿಟ್ಟ ಕಡೆ ಹಾಕಿ, ಕಿಟಕಿಯ ಕಡೆ ಒಮ್ಮೆ ನೋಡಿ ಹೋಗಿ ಕುಳಿತರು. ತಾಯಮ್ಮ ಮಾತ್ರ ಕಾಗದವನ್ನು ಕಣ್ಣಿನ ಹತ್ತಿರ ಹಿಡಿದು ನಿಂತೇ ಇದ್ದರು.

‘ಇದ್ಯಾಕ್ ಮೇಡಮ್ಮೋರೆ, ಒಂದ್ ಸಾಲ ಒಡ್ದಾಕವ್ರೆ? ಏನೈತೆ ಇದ್ರಾಗೆ?’

‘ಅದು ದೇವರನ್ನ ನಂಬದೇ ಇರೋರಿಗೆ ತಾಯಮ್ಮ. ನಿಮಗೆ ಬೇಡ.’

‘ಒಸಿ ಓದಿ ಏಳಿ.’

ಗಡಿಯಾರ ನೋಡುತ್ತಲೇ ಓದಿದೆ. ತಾಯಮ್ಮನ ಮುಖ ಅರಳಿತು. ‘ಇದೇ ಕಣವ್ವ ನಂಗ್ ಬೇಕಾಗಿರಾದು. ನಾನ್ ದೇವ್ರ ಮ್ಯಾಲೆ ಆಣೆ ಇಕ್ಕಾಕಿಲ್ಲ. ನಮ್ಮತ್ತೇಗೆ ಮಾತ್ ಕೊಟ್ಟಿವ್ನಿ.’

‘ಕೇಳುದ್ರೇನ್ರಪ್ಪಾ!’ ಕಿಟಕಿಯಿಂದ ಕಾಳೇಗೌಡರ ಧ್ವನಿ ಬಂತು. ‘ದೇವ್ರಿಲ್ಲ ಅಂತಾಳೆ! ಸಾಯೇಬ್ರೆ, ಬರ್ಕಳಿ, ಇವ್ಳು ಪ್ರಮಾಣಕ್ ಒಪ್ನಿಲ್ಲ. ಓಟಿಲ್ಲ ಇವ್ಳಿಗೆ.’

‘ದೇವ್ರಿಲ್ಲ ಅಂತ ನಾನ್ಯಾವಾಗಂದೆ ಕಾಳಣ್ಣ? ಅವ್ನೆ ಅಂತ್ಲೇ ಎದ್ರುಕಂತಿರಾದು’ ಎಂದು ತಾಯಮ್ಮ ನನ್ನ ಕಡೆ ತಿರುಗಿದರು. ‘ನಮ್ಮಾವ್ನೂ ಅವ್ರಣ್ಣನೂ ಒಂದ್ ಒಲದ್ ಬದೀನ್ ಇಸ್ಯಕ್ಕೆ ದೇವ್ರ ಮುಂದೆ ಆಣೆ ಇಕ್ಕುದ್ರು. ಇಬ್ರೂ ಇಕ್ಕುದ್ರು. ಒಬ್ರುದಾರ ಸುಳ್ಳೇ ಅಲ್ವಾ? ಅವತ್ಲಿಂದ ಎಲ್ಡ್ ಮನೇರೂ ಒಂದ್ ಪಂಕ್ತೀಲಿ ಕುಂತು ಉಂಡಿಲ್ಲ. ಈ ಮನೇಲಿ ಇನ್ಯಾರೂ ದೇವ್ರ ಮ್ಯಾಲೆ ಆಣೆ ಇಕ್ಬ್ಯಾಡಿ ಅಂದ್ಬುಟ್ರು ನಮ್ಮತ್ತೆ. ನಾನ್ ತಪ್ಪಾಕಿಲ್ಲ.’

ತೋಟಗಾರಿಕೆ ಸಾಹೇಬರು ನನ್ನ ಮುಖ ನೋಡಿದರು. ಹನ್ನೊಂದಕ್ಕೆ ಇನ್ನು ಹದಿನೈದೇ ನಿಮಿಷ. ತಾಯಮ್ಮ ಸಹಿ ಹಾಕದಿದ್ದರೆ ಅಧ್ಯಕ್ಷ ಸ್ಥಾನವಿರಲಿ, ತಮ್ಮ ಓಟೂ ಕಳೆದುಕೊಳ್ಳುತ್ತಿದ್ದರು. ಆಗ ನಾನು ಆಡಿದ ಮಾತಿಗೆ ಇವತ್ತಿಗೂ ನಾಚಿಕೆಯಾಗುತ್ತದೆ. ‘ಬರೀ ಮಾತು ತಾನೇ ತಾಯಮ್ಮ, ಹಾಕಿಬಿಡಿ’ ಅಂದೆ.

‘ಬರೀ ಮಾತಾದ್ರೆ ಯಾಕವ್ವ ಕೇಳ್ತೀರಾ? ಬುಟ್ಬುಡಿ.’

ಕಪಾಳಕ್ಕೆ ಹೊಡೆದಂತಾಯಿತು. ನಂಬದೇ ಇರುವವರಿಗೆಂದು ನಾನು ಗೆರೆ ಎಳೆದಿದ್ದ ಸಾಲನ್ನು, ಆ ಕೋಣೆಯಲ್ಲಿ ದೇವರಿಗೆ ಎಲ್ಲರಿಗಿಂತ ಹೆಚ್ಚು ಹೆದರುತ್ತಿದ್ದ ಹೆಂಗಸು ಬೇಕು ಅನ್ನುತ್ತಿದ್ದಳು. ಹಣೆ ನೋಡಿ ಊಹಿಸಬೇಡ ಎಂದು ನಂಜುಂಡಯ್ಯನವರು ಬಡಿದುಕೊಂಡದ್ದು ಯಾಕೆಂದು ಆಗ ಅರ್ಥವಾಯಿತು. ಚೀಲದಲ್ಲಿದ್ದ ಹೆಚ್ಚುವರಿ ನಮೂನೆಗಳನ್ನು ತೆಗೆದೆ. ಐದಿದ್ದವು, ಐದಕ್ಕೂ ಗೆರೆ ಎಳೆದಿದ್ದೆ. ಜೆರಾಕ್ಸ್ ಅಂಗಡಿಗೆ ಕಳುಹಿಸೋಣವೆಂದರೆ ಕರೆಂಟಿಲ್ಲ.

ಒಂದು ಬಿಳಿ ಹಾಳೆ ಎಳೆದುಕೊಂಡು ಇಡೀ ನಮೂನೆಯನ್ನು ಕೈಯಲ್ಲಿ ಬರೆಯಲು ಕುಳಿತೆ. ‘ಕೈಬರಹ ನಡೆಯುತ್ತಾ ಮೇಡಂ?’ ಎಂದು ಸಾಹೇಬರು ಪಿಸುಗುಟ್ಟಿದರು.

‘ನಡೆಯುತ್ತೆ ಸರ್. ಕಾಯ್ದೆಯಲ್ಲಿ ಮಾತು ಇರಬೇಕು ಅಂತಿದೆ, ಜೆರಾಕ್ಸ್ ಇರಬೇಕು ಅಂತಿಲ್ಲ.’

ಸಾಹೇಬರು ಪುಸ್ತಕ ತೆರೆದು ನೋಡಿದರು. ಎರಡೂ ಸಾಲು ಅಲ್ಲಿ ಅಚ್ಚಾಗಿದ್ದವು. ಅಲ್ಲಿಯವರೆಗೆ ಬೆವರುತ್ತಿದ್ದ ಮನುಷ್ಯ ಎದ್ದು ಕಿಟಕಿಯ ಹತ್ತಿರ ಹೋಗಿ, ‘ಕಾನೂನಿನಲ್ಲಿ ಇದೆ ಗೌಡ್ರೆ, ದಯವಿಟ್ಟು ತಲೆ ಹೊರಗೆ ಇಟ್ಕೊಳಿ’ ಅಂದರು. ಕೋಣೆಯಲ್ಲಿ ಮೊದಲ ಸಲ ನಗು ಎದ್ದಿತು.

ನಾನು ಎರಡೂ ಸಾಲನ್ನು ಗಟ್ಟಿಯಾಗಿ ಓದಿ, ‘ನಿಮಗೆ ಯಾವುದು ತಾಯಮ್ಮ?’ ಎಂದು ಕೇಳಿದೆ. ಉಳಿದ ಹತ್ತು ಜನರನ್ನೂ ಕೇಳಿದೆ, ನನ್ನದು ತಪ್ಪಾಯಿತು, ಯಾರಿಗಾದರೂ ಬದಲಾಯಿಸಬೇಕಿದ್ದರೆ ಹೇಳಿ ಎಂದು. ಎಲ್ಲರೂ ಬೇಡವೆಂದರು. ತಾಯಮ್ಮ ಒಬ್ಬರೇ ನಿಂತು, ಸಾರ್ವಭೌಮತ್ವ ಎಂಬ ಪದದ ಹತ್ತಿರ ಎರಡು ಸಲ ಎಡವಿ, ಮೂರನೇ ಸಲಕ್ಕೆ ಸರಿಯಾಗಿ ಹೇಳಿ, ಸತ್ಯನಿಷ್ಠೆಯಿಂದ ದೃಢೀಕರಿಸಿದರು. ಗುಂಪಿನಲ್ಲಿ ಗುಣುಗುಡುವಾಗ ಯಾರ ಕಿವಿಗೂ ಬೀಳದಿದ್ದ ಮಾತುಗಳು ಆಗ ಒಂದೊಂದಾಗಿ ಕೇಳಿಸಿದವು. ಹನ್ನೊಂದಕ್ಕೆ ಎರಡು ನಿಮಿಷವಿದ್ದಾಗ ಸಹಿ ಬಿತ್ತು.

ಹೊಸಬರಿಗೆ ನಾನು ಹೇಳುವುದಿಷ್ಟೇ. ಯಾವ ಸಾಲನ್ನೂ ಮುಂಚಿತವಾಗಿ ಹೊಡೆದುಹಾಕಬೇಡಿ. ಎರಡನ್ನೂ ಓದಿ, ಪ್ರತಿಯೊಬ್ಬರಿಗೂ ಓದಿ. ನೂರು ಜನರಲ್ಲಿ ತೊಂಬತ್ತೊಂಬತ್ತು ಜನ ಮೊದಲನೆಯದನ್ನೇ ಹೇಳಲಿ, ನೂರನೆಯವರಿಗೂ ಅಷ್ಟೇ ನಿಧಾನವಾಗಿ ಓದಿ. ನಿಮ್ಮ ಐದು ನಿಮಿಷ ಉಳಿಸಲಿಕ್ಕೆ ಇನ್ನೊಬ್ಬರ ದೇವರನ್ನು ನೀವು ತೀರ್ಮಾನಿಸಬೇಡಿ.

ಅಂದು ಹನ್ನೊಂದಕ್ಕೆ ಗುಪ್ತ ಮತದಾನ ನಡೆಯಿತು. ಚೀಟಿಗಳನ್ನು ಬಿಚ್ಚಿ ಎಣಿಸಿದೆವು. ತಾಯಮ್ಮನಿಗೆ ಆರು, ರತ್ನಮ್ಮನಿಗೆ ಐದು. ನಾನು ಎರಡನೇ ಸಲ ಎಣಿಸಿದೆ. ಅಷ್ಟೇ ಬಂತು. ಸಾಹೇಬರು ತಾಯಮ್ಮ ಗೆದ್ದರೆಂದು ಘೋಷಿಸಿದರು.

ಕಾಳೇಗೌಡರು ಕಾನೂನು ಮರೆತು ಬಾಗಿಲಿನಿಂದಲೇ ಒಳಗೆ ನುಗ್ಗಿದರು. ‘ಯಾವನ್ಲಾ ಅವ್ನು, ಆಣೆ ಮುರ್ದೋನು?’ ಆಣೆ ಇಕ್ಕಿದ್ದ ಐದು ಜನರಲ್ಲಿ ಎಲ್ಲರಿಗಿಂತ ಬಡವ ಕರಿಯಣ್ಣ. ಅನುಮಾನ ಯಾವಾಗಲೂ ಮೊದಲು ಬಡವನ ಮೇಲೆಯೇ ಬೀಳುತ್ತದೆ. ಗೌಡರು ಅವನ ಅಂಗಿಯ ಕಾಲರಿಗೆ ಕೈ ಹಾಕಿದರು. ‘ನಾನಲ್ಲ ಗೌಡ್ರೆ, ನಾನ್ ರತ್ನಕ್ಕಂಗೇ ಆಕಿವ್ನಿ’ ಎಂದು ಕರಿಯಣ್ಣ ಕೈ ಮುಗಿದ. ‘ಅಂಗಾದ್ರೆ ನಡೀರ್ಲಾ ದೇವಸ್ಥಾನಕ್ಕೆ! ಐದೂ ಜನ ದೀಪ ಆರ್ಸಿ ಆಣೆ ಇಕ್ಕಿ ಏಳ್ರಿ!’ ಗುಪ್ತ ಮತದಾನ, ಯಾರನ್ನೂ ಕೇಳುವಂತಿಲ್ಲ ಎಂದು ನಾನು ಕೂಗಿದೆ. ಕೇಳುವವರಿರಲಿಲ್ಲ. ತಾಯಮ್ಮ ಎದ್ದು ಬಂದು ಕರಿಯಣ್ಣನ ಮುಂದೆ ಅಡ್ಡ ನಿಂತರು. ನನಗೆ ಭಯವಾಯಿತು, ಇನ್ನೇನು ಹೊಡೆದಾಟವೇ ಆಗುತ್ತದೆ ಅಂದುಕೊಂಡೆ.

ಬೆಳಗಿನಿಂದ ಒಂದು ಮಾತೂ ಆಡದಿದ್ದ ರತ್ನಮ್ಮ ಆಗ ಕುರ್ಚಿಯಿಂದ ಎದ್ದರು.

‘ಕರಿಯಣ್ಣನ್ ಬುಡಿ. ಐದ್ ಜನ್ವೂ ನಂಗೇ ಆಕವ್ರೆ.’

‘ನಿಂಗೆಂಗೆ ಗೊತ್ತು?’

‘ನಂಗ್ ಬಂದಿರಾ ಐದ್ ಓಟೂ ಅವ್ರವೆ. ನಂದ್ನ ನಾನು ತಾಯಕ್ಕಂಗ್ ಆಕ್ದೆ.’

ಗೌಡರ ಕೈ ತಾನಾಗಿ ಕರಿಯಣ್ಣನ ಕಾಲರಿನಿಂದ ಜಾರಿತು. ರತ್ನಮ್ಮ ಸೆರಗು ಸರಿಮಾಡಿಕೊಂಡು, ಜಗಳದ ಧ್ವನಿಯಲ್ಲಲ್ಲ, ಮನೆಯಲ್ಲಿ ಊಟಕ್ಕೆ ಕರೆಯುವ ಧ್ವನಿಯಲ್ಲಿ ಹೇಳಿದರು.

‘ಸೈನ್ ಆಕೋಕ್ ಮುಂಚೆ ಏನ್ ಬರ್ದವ್ರೆ ಅಂತ ಓದ್ಸಿ ಕೇಳುದ್ಲು ನೋಡಿ, ಅಂತೋಳು ಕುಂತ್ಕಳ್ಲಿ ಆ ಕುರ್ಚೀಲಿ. ತೋರ್ಸಿದ್ ಕಡೆ ಸೈನ್ ಆಕೋ ಕೆಲ್ಸ ನಂಗ್ ಮನೇಲೇ ಸಾಕಾಗೈತೆ.’

‘ಅಲ್ಲ ಕಣೇ,’ ಗೌಡರು ಹೆಂಡತಿಯ ಕಡೆ ತಿರುಗಿದರು, ‘ದೇವ್ರ ಮುಂದೆ ಅಷ್ಟೊಂದ್ ಆಣೆ ಪ್ರಮಾಣ ಆಗೈತಲ್ಲೇ!’

‘ಅವ್ರೈದ್ ಜನ್ರ ತಾವ ಇಕ್ಸುದ್ರಿ. ನನ್ನ ನೀವು ಕೇಳ್ನೇ ಇಲ್ವಲ್ಲ’ ಅಂದರು ರತ್ನಮ್ಮ.